ಅಮೀಬಾದ ಓಡಾಟ ಮತ್ತು ವಿಭಜನೆಯನ್ನು ರಾಸಾಯನಿಕದಿಂದ ತಡೆದು ನೋಡುವುದು ಹೇಗೆ?

'ಯಾವ ರಾಸಾಯನಿಕ ಹಾಕಿದರೆ ಅಮೀಬಾ ನಿಲ್ಲುತ್ತದೆ? ಯಾವುದನ್ನು ಹಾಕಿದರೆ ಅದು ಎರಡಾಗುವುದಿಲ್ಲ?' ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು, ಅವರಿಗೆ ಪಾಠ ಹೇಳುವ ಮೇಷ್ಟ್ರುಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ನಿಲ್ಲಿಸುವುದು ಬಹಳ ಸುಲಭ. ಸೋಪಿನ ನೀರು ಹಾಕಿದರೂ ನಿಲ್ಲುತ್ತದೆ, ಆಸಿಡ್ ಹಾಕಿದರೂ ನಿಲ್ಲುತ್ತದೆ. ಆದರೆ ಅದು ನಿಂತದ್ದಲ್ಲ, ಸತ್ತದ್ದು. ನೀವು ಓಡಾಟವನ್ನು ತಡೆದಿದ್ದೀರಿ ಎಂದು ಹೇಳಬೇಕಾದರೆ, ರಾಸಾಯನಿಕವನ್ನು ತೊಳೆದು ತೆಗೆದ ಮೇಲೆ ಅದೇ ಅಮೀಬಾ ಮತ್ತೆ ನಡೆಯುವುದನ್ನೂ ತೋರಿಸಬೇಕು. ಈ ಲೇಖನದ ಹಂತಗಳೆಲ್ಲ ಅದಕ್ಕಾಗಿಯೇ ಇವೆ.

ಮೊದಲು: ಅಮೀಬಾ ನಡೆಯುವುದು ಹೇಗೆ, ಎರಡಾಗುವುದು ಹೇಗೆ?

ಅಮೀಬಾ ಮೈಯ ಒಂದು ಕಡೆಯಿಂದ ಮಿಥ್ಯಾಪಾದವನ್ನು, ಅಂದರೆ ಹುಸಿಕಾಲನ್ನು ಚಾಚುತ್ತದೆ. ಒಳಗಿನ ರಸ ಆ ಕಡೆಗೆ ಹರಿಯುತ್ತದೆ, ಬಾಲದ ಕಡೆ ಒಳಕ್ಕೆ ಎಳೆದುಕೊಳ್ಳುತ್ತದೆ. ಇದನ್ನು ಮಾಡಿಸುವುದು ಎರಡು ಪ್ರೋಟೀನುಗಳು. ಆಕ್ಟಿನ್ ಸಣ್ಣ ಸಣ್ಣ ತುಣುಕುಗಳಾಗಿರುತ್ತದೆ. ಅವು ಒಂದಕ್ಕೊಂದು ಸೇರಿ ಎಳೆಯಾದಾಗ ಮುಂದಿನ ಪೊರೆಯನ್ನು ಹೊರಕ್ಕೆ ತಳ್ಳುತ್ತವೆ. ಮಯೋಸಿನ್ ಆ ಎಳೆಗಳನ್ನು ಹಿಡಿದು ಜಗ್ಗುತ್ತದೆ. ನಮ್ಮ ಸ್ನಾಯುಗಳಲ್ಲೂ ಇರುವುದು ಇದೇ ಜೋಡಿಯೇ.

ವಿಭಜನೆಯಲ್ಲಿ ಎರಡು ಕೆಲಸ ಬೇರೆ ಬೇರೆಯಾಗಿ ನಡೆಯುತ್ತವೆ. ಮೊದಲು ಕೋಶಕೇಂದ್ರ ಎರಡಾಗುತ್ತದೆ. ಇದಕ್ಕೆ ಮೈಕ್ರೋಟ್ಯೂಬ್ಯೂಲ್ ಎಂಬ ಸಣ್ಣ ಕೊಳವೆಗಳು ಬೇಕು. ಆಮೇಲೆ ಕೋಶದ ಮೈ ನಡುವೆ ಕಿರಿದಾಗಿ ಎರಡಾಗುತ್ತದೆ. ಇದಕ್ಕೆ ಮತ್ತೆ ಆಕ್ಟಿನ್ ಮತ್ತು ಮಯೋಸಿನ್ ಬೇಕು. ಅಂದರೆ ನಡೆಯಲು ಬಳಸುವ ಸಾಮಾನನ್ನೇ ಅಮೀಬಾ ಎರಡಾಗಲೂ ಬಳಸುತ್ತದೆ. ಆದರೆ ಬಳಸುವ ರೀತಿ ಒಂದೇ ಅಲ್ಲ. ಇದನ್ನು ನೆನಪಿಡಿ, ಹಂತ 6ರಲ್ಲಿ ಬೇಕಾಗುತ್ತದೆ.

ಹಂತ 1: ಯಾವ ಅಮೀಬಾ ಎಂದು ತೀರ್ಮಾನಿಸಿ

ನಿಮ್ಮ ಮುಂದೆ ಎರಡು ಒಳ್ಳೆಯ ಆಯ್ಕೆಗಳಿವೆ.

ಒಂದು, ಅಮೀಬಾ ಪ್ರೋಟಿಯಸ್. ಪಠ್ಯಪುಸ್ತಕದ ಚಿತ್ರದಲ್ಲಿ ಕಾಣುವ ಅಮೀಬಾ ಇದೇ. ಅರ್ಧ ಮಿಲಿಮೀಟರ್ ಆಸುಪಾಸು ಬೆಳೆಯುತ್ತದೆ, ಕಣ್ಣಿಗೆ ಬಿಳಿ ಚುಕ್ಕೆಯಂತೆ ಕಾಣುತ್ತದೆ. ಸಾಧಾರಣ ಮೈಕ್ರೋಸ್ಕೋಪ್ ಸಾಕು. ಆದರೆ ನಿಧಾನವಾಗಿ ಹೆಚ್ಚುತ್ತದೆ. ಚೆನ್ನಾಗಿ ತಿನ್ನಿಸಿದರೂ ಎರಡಾಗಲು ಒಂದೆರಡು ದಿನ ಬೇಕು. ಓಡಾಟ ನೋಡಲು ಇದಕ್ಕಿಂತ ಚೆಂದದ ಜೀವಿ ನನಗಂತೂ ಗೊತ್ತಿಲ್ಲ.

ಇನ್ನೊಂದು, ಡಿಕ್ಟಿಯೋಸ್ಟೀಲಿಯಂ ಡಿಸ್ಕಾಯ್ಡಿಯಂ. ಇದು ಕಾಡಿನ ಮಣ್ಣಿನಲ್ಲಿ, ಉದುರಿದ ಎಲೆಗಳ ನಡುವೆ ಬ್ಯಾಕ್ಟೀರಿಯಾ ತಿಂದು ಬದುಕುವ ಅಮೀಬಾ. ವಿಜ್ಞಾನಿ ಕೆನ್ನೆತ್ ರೇಪರ್ 1935ರಲ್ಲಿ ಇದನ್ನು ವಿವರಿಸಿದರು. ಕೋಶ 10ರಿಂದ 20 ಮೈಕ್ರೋಮೀಟರ್ ಅಷ್ಟೇ (ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗವೇ ಮೈಕ್ರೋಮೀಟರ್). ಬ್ಯಾಕ್ಟೀರಿಯಾ ಕೊಟ್ಟರೆ 3-4 ಗಂಟೆಗೇ ಎರಡಾಗುತ್ತದೆ. ಊಟ ಮುಗಿದಾಗ ಸಾವಿರಾರು ಕೋಶಗಳು ಒಂದೆಡೆ ಸೇರಿ ಒಂದು ಸಣ್ಣ ಕಾಂಡ, ಅದರ ಮೇಲೆ ಬೀಜಕಗಳ ಗುಂಡು ಕಟ್ಟುತ್ತವೆ. ವಿಭಜನೆಯ ಪ್ರಯೋಗಕ್ಕೆ, ರಾಸಾಯನಿಕ ಸಂಕೇತಗಳ ಪ್ರಯೋಗಕ್ಕೆ ಇದನ್ನೇ ಆರಿಸಿ.

ಎಚ್ಚರಿಕೆ: ಸುಮ್ನೆ ಯಾವುದೋ ಕೆರೆಯ ನೀರು ತಂದು ಅದರಲ್ಲಿ ಸಿಕ್ಕಿದ ಅಮೀಬಾವನ್ನು ಬೆಳೆಸಬೇಡಿ. ಬೆಚ್ಚಗಿನ ಸಿಹಿನೀರಿನಲ್ಲಿ ನೇಗ್ಲೇರಿಯಾ ಫೌಲೆರಿ ಇರಬಹುದು. ಅದು ಮೂಗಿನ ಮೂಲಕ ಮಿದುಳು ಸೇರಿದರೆ ಜೀವಕ್ಕೇ ಅಪಾಯ. ಅಕಾಂತಅಮೀಬಾ ಕಣ್ಣಿನ ಪಾರದರ್ಶಕ ಪಟಲಕ್ಕೆ ಸೋಂಕು ತರುತ್ತದೆ, ಅದರಲ್ಲೂ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ. ಜಾತಿ ಗೊತ್ತಿರುವ, ಶುದ್ಧವಾಗಿ ಬೆಳೆಸಿದ ಅಮೀಬಾವನ್ನೇ ತರಿಸಿಕೊಳ್ಳಿ.

ಹಂತ 2: ನೀರು ಮತ್ತು ಪಾತ್ರೆ

ಪ್ರಯೋಗ ಕೆಡುವುದು ಹೆಚ್ಚಾಗಿ ಇಲ್ಲೇ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಪೈಪಿನಿಂದ ಬಂದ ತಾಮ್ರ ಇರಬಹುದು. ಗಾಜಿನ ಪಾತ್ರೆಯಲ್ಲಿ ಸೋಪಿನ ಪಸೆ ಉಳಿದಿರುತ್ತದೆ. ಇವೆಲ್ಲ ಅಮೀಬಾಕ್ಕೆ ವಿಷ. ಡಿಸ್ಟಿಲ್ಡ್ ನೀರನ್ನೇ ಬಳಸಿ. ಅಮೀಬಾ ಇಡುವ ಪಾತ್ರೆಗಳನ್ನು ಬೇರೆಯೇ ಇಟ್ಟುಕೊಳ್ಳಿ, ಅವಕ್ಕೆ ಸೋಪು ಮುಟ್ಟಿಸಲೇಬೇಡಿ.

ಅಮೀಬಾ ಪ್ರೋಟಿಯಸ್‌ಗೆ ಚಾಕ್ಲಿ ದ್ರಾವಣ ಚೆನ್ನಾಗಿ ಒಗ್ಗುತ್ತದೆ. ಒಂದು ಲೀಟರಿಗೆ ಸೋಡಿಯಂ ಕ್ಲೋರೈಡ್ 100 ಮಿಲಿಗ್ರಾಂ, ಪೊಟಾಸಿಯಂ ಕ್ಲೋರೈಡ್ 4 ಮಿಲಿಗ್ರಾಂ, ಕ್ಯಾಲ್ಸಿಯಂ ಕ್ಲೋರೈಡ್ 6 ಮಿಲಿಗ್ರಾಂ. 4 ಮಿಲಿಗ್ರಾಂ ಸರಿಯಾಗಿ ತೂಗುವ ತಕ್ಕಡಿ ಎಲ್ಲರ ಹತ್ತಿರ ಇರಲ್ಲ, ಅಲ್ವಾ? ಅದಕ್ಕೇ ನೂರು ಪಟ್ಟು ಗಟ್ಟಿಯಾದ ದ್ರಾವಣ ಮಾಡಿಟ್ಟುಕೊಳ್ಳಿ. ಒಂದು ಲೀಟರಿಗೆ ಕ್ರಮವಾಗಿ 10 ಗ್ರಾಂ, 0.4 ಗ್ರಾಂ, 0.6 ಗ್ರಾಂ. ಬೇಕಾದಾಗ ಇದರಲ್ಲಿ 10 ಮಿಲಿಲೀಟರ್ ತೆಗೆದು 990 ಮಿಲಿಲೀಟರ್ ಡಿಸ್ಟಿಲ್ಡ್ ನೀರಿಗೆ ಸೇರಿಸಿ.

ಕ್ಯಾಲ್ಸಿಯಂ ಕ್ಲೋರೈಡ್ ಬಾಟಲಿಯ ಲೇಬಲ್ ಓದಿ. 0.6 ಗ್ರಾಂ ಎಂಬುದು ನೀರಿನ ಅಂಶವಿಲ್ಲದ ಪುಡಿಯ ಲೆಕ್ಕ. 'ಡೈಹೈಡ್ರೇಟ್' ಎಂದು ಬರೆದಿದ್ದರೆ ಹರಳಿನೊಳಗೇ ನೀರು ಸೇರಿದೆ ಎಂದರ್ಥ. ಆಗ 0.8 ಗ್ರಾಂ ಹಾಕಬೇಕು.

ಡಿಕ್ಟಿಯೋಸ್ಟೀಲಿಯಂ ಕೋಶಗಳನ್ನು ತೊಳೆಯಲು, ಉಪವಾಸ ಇಡಲು ಪೊಟಾಸಿಯಂ ಫಾಸ್ಫೇಟ್ ಬಫರ್ ಬೇಕು. ಬಫರ್ ಅಂದರೆ ಆಮ್ಲ-ಕ್ಷಾರದ ಮಟ್ಟವನ್ನು (ಪಿಎಚ್) ಒಂದೇ ಕಡೆ ಹಿಡಿದಿಡುವ ದ್ರಾವಣ. ಲೀಟರಿಗೆ ಪೊಟಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 2.2 ಗ್ರಾಂ, ಡೈಪೊಟಾಸಿಯಂ ಹೈಡ್ರೋಜನ್ ಫಾಸ್ಫೇಟ್ 0.7 ಗ್ರಾಂ. ಪಿಎಚ್ 6ರ ಸ್ವಲ್ಪ ಮೇಲೆ ಬರುತ್ತದೆ. ಎರಡು ಹೆಸರುಗಳನ್ನು ಅದಲುಬದಲು ಮಾಡುವವರು ಬಹಳ ಜನ. ಪಿಎಚ್ ನೋಡಿಕೊಂಡರೆ ತಪ್ಪು ಆಗಲೇ ಸಿಕ್ಕಿಬೀಳುತ್ತದೆ.

ಕೋಣೆಯ ಉಷ್ಣತೆ 21-22 ಡಿಗ್ರಿ ಸೆಲ್ಸಿಯಸ್ ಇದ್ದರೆ ಎರಡೂ ಅಮೀಬಾಗಳಿಗೆ ಹಿತ. ಬಿಸಿ ಜಾಸ್ತಿಯಾದರೆ ಯಾವ ರಾಸಾಯನಿಕವೂ ಬೇಡ, ವಿಭಜನೆ ತಾನಾಗಿ ಹಾಳಾಗುತ್ತದೆ.

ಹಂತ 3: ಏನನ್ನು ತಡೆಯಬೇಕು ಎಂದು ಮೊದಲು ಬರೆದುಕೊಳ್ಳಿ

ಕೈಗೆ ಸಿಕ್ಕ ಬಾಟಲಿಯಿಂದ ಶುರು ಮಾಡಬೇಡಿ, ಪ್ರಶ್ನೆಯಿಂದ ಶುರು ಮಾಡಿ.

ಆಕ್ಟಿನ್ ಎಳೆ ಕಟ್ಟುವುದನ್ನು ತಡೆಯಬೇಕೇ? ಲಾಟ್ರುಂಕ್ಯುಲಿನ್ ಎ ಇದೆ. ಇದು ಮೊದಲು ಸಿಕ್ಕಿದ್ದು ಕೆಂಪು ಸಮುದ್ರದ ಒಂದು ಸ್ಪಂಜಿನಲ್ಲಿ. ಆಕ್ಟಿನ್ ತುಣುಕುಗಳನ್ನು ಹಿಡಿದಿಟ್ಟು ಎಳೆಗೆ ಸೇರದ ಹಾಗೆ ಮಾಡುತ್ತದೆ. ಡಿಕ್ಟಿಯೋಸ್ಟೀಲಿಯಂಗೆ 5 ಮೈಕ್ರೋಮೋಲಾರ್ (ದ್ರಾವಣ ಎಷ್ಟು ಗಟ್ಟಿ ಎಂಬುದರ ಅಳತೆ; ಇದರ ಸಾವಿರ ಪಟ್ಟು ಮಿಲಿಮೋಲಾರ್) ಹಾಕಿದರೆ ಕೆಲವೇ ನಿಮಿಷಗಳಲ್ಲಿ ಕೋಶ ಗುಂಡಗಾಗಿ ನಿಲ್ಲುತ್ತದೆ. ತೊಳೆದರೆ ಮತ್ತೆ ಎಳೆ ಕಟ್ಟಿಕೊಂಡು ನಡೆಯುತ್ತದೆ. ಶಿಲೀಂಧ್ರಗಳಿಂದ ಬರುವ ಸೈಟೊಕಲಾಸಿನ್ ಕೂಡ ಆಕ್ಟಿನ್ನನ್ನೇ ತಡೆಯುತ್ತದೆ, ಆದರೆ ಎಳೆಯ ತುದಿಗೆ ಅಂಟಿಕೊಂಡು.

ಮಯೋಸಿನ್ ಜಗ್ಗುವುದನ್ನು ತಡೆಯಬೇಕೇ? ಬ್ಲೆಬಿಸ್ಟಾಟಿನ್. ಇದಕ್ಕೆ ಒಂದು ಕಾಟವಿದೆ. ನೀಲಿ ಬೆಳಕು ಬಿದ್ದರೆ ಇದು ಕೆಟ್ಟು, ಕೋಶಕ್ಕೇ ವಿಷವಾಗುತ್ತದೆ. ಮೈಕ್ರೋಸ್ಕೋಪಿನ ಬಿಳಿ ಬೆಳಕಿನಲ್ಲೂ ನೀಲಿ ಇರುತ್ತದೆ. ಆದ್ದರಿಂದ ಕೆಂಪು ಫಿಲ್ಟರ್ ಹಾಕಿಯೇ ನೋಡಿ.

ಕೋಶಕೇಂದ್ರ ಎರಡಾಗುವುದನ್ನು ತಡೆಯಬೇಕೇ? ನೊಕೊಡಜೋಲ್. ಇದು ಮೈಕ್ರೋಟ್ಯೂಬ್ಯೂಲ್ ಕಟ್ಟುವುದನ್ನು ತಡೆಯುತ್ತದೆ. ಈರುಳ್ಳಿ ಬೇರಿನ ಪ್ರಯೋಗ ಮಾಡಿದವರು ಕಾಲ್ಚಿಸಿನ್ ಕೇಳುತ್ತಾರೆ. ಬೇಡ. ಡಿಕ್ಟಿಯೋಸ್ಟೀಲಿಯಂ ಮೇಲೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ, ಮನುಷ್ಯರಿಗೆ ಮಾತ್ರ ಕಡುವಿಷ.

ಕೋಶಗಳ ನಡುವಿನ ಸಂಕೇತವನ್ನು ತಡೆಯಬೇಕೇ? ಕೆಫೀನ್. ಅಗ್ಗ, ಸುಲಭ, ತೊಳೆದರೆ ಹೋಗುತ್ತದೆ. ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಇದನ್ನೇ. ಹಂತ 7ರಲ್ಲಿ ಬರುತ್ತದೆ.

ಯಾವ ವಿಶೇಷ ರಾಸಾಯನಿಕವೂ ಇಲ್ಲವೇ? ಉಪ್ಪು, ಸಕ್ಕರೆ, ಅಮೀಬಾ ಪ್ರೋಟಿಯಸ್ ಮೂರೇ ಇದ್ದರೂ ಒಂದು ಒಳ್ಳೆಯ ಪ್ರಯೋಗವಾಗುತ್ತದೆ. ಅದು ಹಂತ 5.

ಲಾಟ್ರುಂಕ್ಯುಲಿನ್, ಸೈಟೊಕಲಾಸಿನ್, ನೊಕೊಡಜೋಲ್ ನಮ್ಮ ಕೋಶಗಳ ಮೇಲೂ ಅದೇ ಕೆಲಸ ಮಾಡುತ್ತವೆ. ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಪುಡಿ ತೂಗುವುದನ್ನು ವಿದ್ಯಾರ್ಥಿಗಳಿಗೆ ಬಿಡದೆ ಮೇಷ್ಟ್ರೇ ಮಾಡಿ.

ಹಂತ 4: ಹೋಲಿಕೆಯ ಗುಂಪು

ಲ್ಯಾಬಿನಲ್ಲಿ ಇದನ್ನು ಕಂಟ್ರೋಲ್ ಅನ್ನುತ್ತಾರೆ. ರಾಸಾಯನಿಕ ಒಂದನ್ನು ಬಿಟ್ಟು ಉಳಿದದ್ದೆಲ್ಲ ಒಂದೇ ರೀತಿ ಇರುವ ಅಮೀಬಾಗಳ ಗುಂಪು.

ಮೇಲೆ ಹೇಳಿದ ಎಷ್ಟೋ ಔಷಧಗಳು ನೀರಿನಲ್ಲಿ ಕರಗುವುದಿಲ್ಲ. ಡಿಎಮ್‌ಎಸ್‌ಓ ಎಂಬ ದ್ರವದಲ್ಲಿ ಕರಗಿಸಿ ಹಾಕಬೇಕು. ಆ ದ್ರವ ಜಾಸ್ತಿಯಾದರೆ ಅದೇ ಅಮೀಬಾವನ್ನು ನಿಧಾನ ಮಾಡುತ್ತದೆ. ಆದ್ದರಿಂದ ಕೊನೆಯಲ್ಲಿ ಅದರ ಪಾಲು ನೂರಕ್ಕೆ ಅರ್ಧ ಭಾಗ (0.5%) ಮೀರದಂತೆ ನೋಡಿಕೊಳ್ಳಿ. ಹೋಲಿಕೆಯ ಗುಂಪಿಗೂ ಅಷ್ಟೇ ಡಿಎಮ್‌ಎಸ್‌ಓ ಹಾಕಿ, ಔಷಧ ಮಾತ್ರ ಬಿಡಿ. ಇದನ್ನು ಮರೆತು ನಾನು ಒಮ್ಮೆ ಎರಡು ವಾರದ ಎಣಿಕೆಯನ್ನು ಪೂರ್ತಿ ಬಿಸಾಡಬೇಕಾಯಿತು.

ಸಾರತೆಯ ಲೆಕ್ಕದಲ್ಲೂ ಒಂದು ತಪ್ಪು ಪದೇ ಪದೇ ಆಗುತ್ತದೆ. ಸಾರತೆ ಅಂದರೆ ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ವಸ್ತು ಕರಗಿದೆ ಎಂಬುದು. ಒಂದು ಮಿಲಿಲೀಟರ್ ಅಮೀಬಾ ದ್ರಾವಣಕ್ಕೆ ಒಂದು ಮಿಲಿಲೀಟರ್ ಔಷಧದ ದ್ರಾವಣ ಸೇರಿಸಿದರೆ ಸಾರತೆ ಅರ್ಧವಾಗುತ್ತದೆ. ಬಾಟಲಿಯ ಮೇಲಿನ ಸಂಖ್ಯೆಯನ್ನೇ ವರದಿಯಲ್ಲಿ ಬರೆಯಬೇಡಿ. ಅಮೀಬಾಕ್ಕೆ ತಗುಲಿದ ಸಂಖ್ಯೆ ಬರೆಯಿರಿ.

ಹಂತ 5: ಓಡಾಟವನ್ನು ಅಳೆಯಿರಿ, ಆಮೇಲೆ ತಡೆಯಿರಿ

ಸ್ಲೈಡಿನ ಮೇಲೆ ಅಮೀಬಾ ಪ್ರೋಟಿಯಸ್ ಹನಿ ಇಡಿ. ಕವರ್‌ಸ್ಲಿಪ್ ನೇರವಾಗಿ ಮುಚ್ಚಿದರೆ ಅಮೀಬಾ ಅದರಡಿ ಅಪ್ಪಚ್ಚಿಯಾಗುತ್ತದೆ. ನಾಲ್ಕು ಮೂಲೆಗೆ ವ್ಯಾಸಲೀನ್ ಚುಕ್ಕೆ ಇಟ್ಟು, ಅದರ ಮೇಲೆ ಕವರ್‌ಸ್ಲಿಪ್ ಕೂರಿಸಿ. ಎರಡು ಕಡೆ ತೆರೆದಿರಲಿ, ದ್ರಾವಣ ಬದಲಿಸಲು ಬೇಕಾಗುತ್ತದೆ.

ಈಗ ಸುಮ್ಮನಿರಿ. ಡ್ರಾಪರ್‌ನಲ್ಲಿ ಹೋಗಿ ಬಂದ ಅಮೀಬಾ ಗಾಬರಿಗೊಂಡಂತೆ ಎಲ್ಲ ಕಡೆಗೂ ಕಾಲು ಚಾಚಿ ನಕ್ಷತ್ರದ ಹಾಗೆ ತೇಲುತ್ತಿರುತ್ತದೆ. ಗಾಜಿಗೆ ಅಂಟಿಕೊಂಡು ಒಂದೇ ದಿಕ್ಕಿಗೆ ಹೊರಡಲು ಹತ್ತು ಹದಿನೈದು ನಿಮಿಷ ಬೇಕು. ಬೆಳಕನ್ನೂ ಮಂದ ಮಾಡಿ. ಜೋರು ಬೆಳಕು ಬಿದ್ದರೆ ಅಮೀಬಾ ನಿಂತುಬಿಡುತ್ತದೆ, ಇಲ್ಲವೇ ಹಿಂದಕ್ಕೆ ತಿರುಗುತ್ತದೆ. ಈ ಕಾಯುವ ಹೊತ್ತನ್ನು ಉಳಿಸಲು ಹೋದವರು ರಾಸಾಯನಿಕದ ಪರಿಣಾಮ ಅಂದುಕೊಂಡು ಡ್ರಾಪರ್‌ನ ಪರಿಣಾಮವನ್ನು ಅಳೆದಿರುತ್ತಾರೆ.

ಫೋನಿನ ಕ್ಯಾಮೆರಾವನ್ನು ಕಣ್ಣಿಡುವ ಕೊಳವೆಗೆ ಭದ್ರವಾಗಿ ಕಟ್ಟಿ ವಿಡಿಯೋ ತೆಗೆಯಿರಿ. ಅದೇ ಲೆನ್ಸಿನಲ್ಲಿ ಅಳತೆಯ ಗೆರೆ ಇರುವ ಸ್ಲೈಡನ್ನೂ ಒಮ್ಮೆ ಚಿತ್ರ ತೆಗೆದಿಟ್ಟುಕೊಳ್ಳಿ. ಇಮೇಜ್‌ಜೆ ಎಂಬ ಉಚಿತ ತಂತ್ರಾಂಶದಲ್ಲಿ ಹತ್ತು ಸೆಕೆಂಡಿಗೊಂದು ಚಿತ್ರ ತೆರೆದು, ಪ್ರತಿ ಸಲ ಕೋಶದ ಮಧ್ಯಕ್ಕೆ ಚುಕ್ಕೆ ಇಡಿ. ಮಿಥ್ಯಾಪಾದದ ತುದಿಗೆ ಇಡಬೇಡಿ, ಅದು ಚಾಚುತ್ತಾ ಎಳೆದುಕೊಳ್ಳುತ್ತಾ ಇರುತ್ತದೆ.

ಎರಡು ಸಂಖ್ಯೆ ಬೇಕು. ಎರಡು ನಿಮಿಷದಲ್ಲಿ ಅಮೀಬಾ ಒಟ್ಟು 360 ಮೈಕ್ರೋಮೀಟರ್ ಸುತ್ತಿತು ಅನ್ನಿ. ವೇಗ ಸೆಕೆಂಡಿಗೆ 3 ಮೈಕ್ರೋಮೀಟರ್. ಹೊರಟ ಜಾಗದಿಂದ ಮುಟ್ಟಿದ ಜಾಗಕ್ಕೆ ನೇರ ದೂರ 270 ಮೈಕ್ರೋಮೀಟರ್ ಆದರೆ, 270ನ್ನು 360ರಿಂದ ಭಾಗಿಸಿ. 0.75 ಬಂತು. ಇದು ನೇರವಾಗಿ ನಡೆಯುವ ಗುಣ. ಕೆಲವು ರಾಸಾಯನಿಕಗಳು ವೇಗವನ್ನು ಮುಟ್ಟುವುದಿಲ್ಲ, ದಿಕ್ಕನ್ನು ಮಾತ್ರ ಕೆಡಿಸುತ್ತವೆ. ವೇಗ ಒಂದನ್ನೇ ಅಳೆದರೆ ಅದು ಕೈತಪ್ಪಿ ಹೋಗುತ್ತದೆ.

ಈಗ ಉಪ್ಪಿನ ಪ್ರಯೋಗ. ಸೋಡಿಯಂ ಕ್ಲೋರೈಡ್ 125 ಮಿಲಿಮೋಲಾರ್, ಅಂದರೆ ಲೀಟರಿಗೆ 7.3 ಗ್ರಾಂ. ಕವರ್‌ಸ್ಲಿಪ್‌ನ ಒಂದು ಬದಿಗೆ ಹನಿ ಬಿಟ್ಟು, ಇನ್ನೊಂದು ಬದಿಯಿಂದ ಫಿಲ್ಟರ್ ಪೇಪರಿನಲ್ಲಿ ಹೀರಿ. ಹೀಗೆ ಮೂರ್ನಾಲ್ಕು ಸಲ ಮಾಡಿದರೆ ದ್ರಾವಣ ಬದಲಾಗುತ್ತದೆ. ಅಮೀಬಾ ನಿಲ್ಲುತ್ತದೆ. ಕೆಲವು ನಿಮಿಷಗಳಲ್ಲಿ ಮೈಸುತ್ತ ಮೊಂಡು ಮೊಂಡಾದ ಕಾಲುಗಳು ಮೂಡಿ ಹೂವಿನ ಆಕಾರ ಬರುತ್ತದೆ. ಗಮನವಿಟ್ಟು ನೋಡಿ: ಆ ಮೊಂಡುಕಾಲುಗಳ ತುದಿಯಿಂದ ಒಳಕ್ಕೆ ಕೂದಲೆಳೆಯಂಥ ಕಾಲುವೆಗಳು ಇಳಿಯುತ್ತವೆ. ಇದೇ ಪಿನೊಸೈಟೋಸಿಸ್, ಅಂದರೆ ಕೋಶ ಸುತ್ತಲಿನ ದ್ರವವನ್ನು ಕುಡಿಯುವುದು. ಅಮೀಬಾ ಕೆಲಸ ನಿಲ್ಲಿಸಿಲ್ಲ, ಕೆಲಸ ಬದಲಿಸಿದೆ! ನಡೆಯಲು ಬಳಸುತ್ತಿದ್ದ ಪೊರೆಯನ್ನು ಈಗ ಕುಡಿಯಲು ಬಳಸುತ್ತಿದೆ. ನನಗೆ ಈ ಪ್ರಯೋಗ ಇಷ್ಟವಾಗುವುದೇ ಇದಕ್ಕೆ.

ಆದರೆ ಇದು ಸೋಡಿಯಂನ ಗುಣವೋ, ನೀರು ಗಟ್ಟಿಯಾಗಿದ್ದರ ಪರಿಣಾಮವೋ? ಉಪ್ಪು ಕರಗಿದಾಗ ಎರಡು ಕಣಗಳಾಗಿ ಒಡೆಯುತ್ತದೆ. ಸಕ್ಕರೆ ಒಡೆಯುವುದಿಲ್ಲ. ಹಾಗಾಗಿ 250 ಮಿಲಿಮೋಲಾರ್ ಸಕ್ಕರೆ, ಲೀಟರಿಗೆ ಸುಮಾರು 86 ಗ್ರಾಂ, ಹೆಚ್ಚುಕಡಿಮೆ ಅಷ್ಟೇ ಗಟ್ಟಿ. ಇನ್ನೊಂದು ಸ್ಲೈಡಿಗೆ ಅದನ್ನು ಹಾಕಿ. ಅಮೀಬಾ ಸುಕ್ಕುಗಟ್ಟಬಹುದು, ಆದರೆ ಆ ಕಾಲುವೆಗಳು ಮೂಡುವುದಿಲ್ಲ. ಹಾಗಾದರೆ ಕುಡಿಯಲು ಹಚ್ಚಿದ್ದು ವಿದ್ಯುದಂಶ ಇರುವ ಕಣಗಳೇ ಎಂದು ಧೈರ್ಯವಾಗಿ ಬರೆಯಬಹುದು.

ಕ್ಯಾಲ್ಸಿಯಂ ತೆಗೆದು ನೋಡುವುದೂ ಒಳ್ಳೆಯದು. ಇಡಿಟಿಎ ಎಂಬ ಪುಡಿ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಆಗ ಗಾಜಿನ ಮೇಲಿನ ಹಿಡಿತ ಸಡಿಲವಾಗಿ ನಡಿಗೆ ಕೆಡುತ್ತದೆ. ಇಡಿಟಿಎ ದ್ರಾವಣ ಹುಳಿ, ಪಿಎಚ್ 7ಕ್ಕೆ ತಂದೇ ಹಾಕಿ. ಇಲ್ಲದಿದ್ದರೆ ನೀವು ನೋಡುವುದು ಆಮ್ಲದ ಪರಿಣಾಮ.

ನಿಂತ ಅಮೀಬಾ ಬದುಕಿದೆಯೇ?

ಮೂರು ಗುರುತುಗಳಿವೆ. ಮೊದಲನೆಯದು ಸಂಕುಚಿಸುವ ರಸದಾನಿ. ಇದು ಕೋಶದೊಳಗೆ ತುಂಬಿ ಬರುವ ನೀರನ್ನು ಹೊರಹಾಕುವ ಗುಳ್ಳೆ. ನಿಂತ ಅಮೀಬಾದಲ್ಲೂ ಇದು ತುಂಬಿ ಬರಿದಾಗುತ್ತಿದ್ದರೆ ಅಮೀಬಾ ಬದುಕಿದೆ. ಆದರೆ ಹೊರಗಿನ ನೀರು ಉಪ್ಪಾಗಿದ್ದಾಗ ಒಳಗೆ ಬರುವ ನೀರೇ ಕಡಿಮೆ. ಗುಳ್ಳೆ ನಿಧಾನವಾಗುವುದು ಸಹಜ. ಅದನ್ನು ಸಾವೆಂದು ಬರೆಯಬೇಡಿ.

ಎರಡನೆಯದು ಟ್ರಿಪಾನ್ ಬ್ಲೂ ಬಣ್ಣ. ಸತ್ತ ಕೋಶದ ಪೊರೆ ತೂತಾಗಿರುವುದರಿಂದ ಬಣ್ಣ ಒಳಗೆ ಹೋಗಿ ನೀಲಿಯಾಗುತ್ತದೆ. ಹಾಕಿದ ಕೆಲವೇ ನಿಮಿಷದೊಳಗೆ ನೋಡಿ. ತಡವಾದರೆ ಬದುಕಿದ ಕೋಶಗಳೂ ಬಣ್ಣ ಕುಡಿಯಲು ಶುರು ಮಾಡುತ್ತವೆ.

ಮೂರನೆಯದೇ ಮುಖ್ಯ: ತೊಳೆಯುವುದು. ಅದೇ ಹನಿ-ಹೀರುವ ವಿಧಾನದಿಂದ ಹಳೆಯ ದ್ರಾವಣವನ್ನು ಐದಾರು ಸಲ ಬದಲಿಸಿ, ಅರ್ಧ ಗಂಟೆ ಕಾದು, ಮತ್ತೆ ವೇಗ ಅಳೆಯಿರಿ. ಮೊದಲಿನ ವೇಗ, ರಾಸಾಯನಿಕದಲ್ಲಿದ್ದಾಗಿನ ವೇಗ, ತೊಳೆದ ಮೇಲಿನ ವೇಗ. ಮೂರೂ ಒಂದೇ ಅಮೀಬಾದ್ದಾಗಿರಬೇಕು. ಒಂದು ಗುಂಪಿನಲ್ಲಿ ಕನಿಷ್ಠ 20 ಅಮೀಬಾ, ಬೇರೆ ಬೇರೆ ಮೂರು ದಿನ. ಒಂದೇ ದಿನ 60 ಅಳೆದರೆ ಆವತ್ತಿನ ಉಷ್ಣತೆ, ಆವತ್ತಿನ ಊಟ ಎಲ್ಲವೂ ಫಲಿತಾಂಶದಲ್ಲಿ ಬೆರೆತುಹೋಗುತ್ತವೆ.

ಹಂತ 6: ವಿಭಜನೆ

ಎಣಿಕೆ ಮಾಡುವುದು ಸರಳ. ಅಮೀಬಾ ಪ್ರೋಟಿಯಸ್ ಆದರೆ ಸಣ್ಣ ಗುಳಿಗಳಿರುವ ತಟ್ಟೆಯಲ್ಲಿ ಒಂದೊಂದು ಗುಳಿಗೆ ಹತ್ತು ಅಮೀಬಾ ಬಿಡಿ. ಆಹಾರಕ್ಕೆ ಟೆಟ್ರಾಹೈಮೀನಾ ಎಂಬ ಸಣ್ಣ ಏಕಕೋಶ ಜೀವಿ ಕೊಡಿ. ಉಳಿದ ಆಹಾರವನ್ನು ಮಾರನೆಯ ದಿನ ತೊಳೆದು ತೆಗೆಯಿರಿ, ಕೊಳೆತರೆ ಅಮೀಬಾ ಸಾಯುತ್ತವೆ. ಐದು ದಿನ, ದಿನವೂ ಒಂದೇ ಹೊತ್ತಿಗೆ ಎಣಿಸಿ.

ಡಿಕ್ಟಿಯೋಸ್ಟೀಲಿಯಂ ಆದರೆ ರಕ್ತಕಣ ಎಣಿಸುವ ಗಾಜಿನ ಚೌಕಳಿ ಬೇಕು, ಹೀಮೊಸೈಟೋಮೀಟರ್. ಅದರ ಒಂದು ದೊಡ್ಡ ಚೌಕದಲ್ಲಿರುವ ಕೋಶಗಳನ್ನು ಎಣಿಸಿ 10,000ದಿಂದ ಗುಣಿಸಿದರೆ ಒಂದು ಮಿಲಿಲೀಟರಿನ ಲೆಕ್ಕ. ಸರಾಸರಿ 65 ಸಿಕ್ಕರೆ ಮಿಲಿಲೀಟರಿಗೆ 6,50,000. ನಾಲ್ಕೈದು ಚೌಕ ಎಣಿಸಿ. ಯಾವ ಬಾಟಲಿಯಲ್ಲಿ ಔಷಧವಿದೆ ಎಂಬುದು ಎಣಿಸುವವರಿಗೆ ಗೊತ್ತಿರಬಾರದು. ಗೊತ್ತಿದ್ದರೆ ಗೆರೆಯ ಮೇಲೆ ಕೂತ ಕೋಶವನ್ನು ನಮ್ಮ ಆಸೆಗೆ ತಕ್ಕಂತೆ ಸೇರಿಸುತ್ತೇವೆ, ಬಿಡುತ್ತೇವೆ.

ಕಷ್ಟ ಇರುವುದು ಎಣಿಕೆಯಲ್ಲಲ್ಲ, ಅರ್ಥ ಮಾಡಿಕೊಳ್ಳುವುದರಲ್ಲಿ. ಸಂಖ್ಯೆ ಏರಲಿಲ್ಲ ಅನ್ನಿ. ರಾಸಾಯನಿಕ ವಿಭಜನೆಯನ್ನು ತಡೆಯಿತು ಎಂದು ಬರೆದುಬಿಡಬಹುದೇ? ಇಲ್ಲ. ಅಮೀಬಾ ತಿನ್ನುವುದೂ ಮಿಥ್ಯಾಪಾದದಿಂದಲೇ. ಓಡಾಟ ನಿಲ್ಲಿಸಿದರೆ ಊಟ ನಿಲ್ಲುತ್ತದೆ. ಊಟ ನಿಂತರೆ ಬೆಳವಣಿಗೆ ನಿಲ್ಲುತ್ತದೆ. ಬೆಳೆಯದ ಅಮೀಬಾ ಎರಡಾಗುವುದಿಲ್ಲ. ಔಷಧವೇ ಬೇಕಾಗಿಲ್ಲ: 1950ರ ದಶಕದಲ್ಲಿ ವಿಜ್ಞಾನಿ ಡೇವಿಡ್ ಪ್ರೆಸ್ಕಾಟ್ ಅಮೀಬಾ ಪ್ರೋಟಿಯಸ್‌ನ ಮೈಯಿಂದ ಮತ್ತೆ ಮತ್ತೆ ಒಂದು ತುಂಡು ಕತ್ತರಿಸಿ ತೆಗೆಯುತ್ತಾ ಹೋದರು. ಬೇಕಾದಷ್ಟು ದೊಡ್ಡದಾಗಲು ಬಿಡಲಿಲ್ಲ. ಅಷ್ಟು ದಿನವೂ ಅದು ಎರಡಾಗಲಿಲ್ಲ. ಹಾಗಾಗಿ ಹಸಿವಿನಿಂದ ನಿಂತದ್ದೋ, ಒಡೆಯಲಾಗದೆ ನಿಂತದ್ದೋ ಎಂದು ಬೇರ್ಪಡಿಸಬೇಕು. ನನಗೆ ಬರುವ ವರದಿಗಳಲ್ಲಿ ಜಾಸ್ತಿ ಕಾಣುವ ತಪ್ಪು ಇದೇ.

ಬೇರ್ಪಡಿಸಲು ಎರಡು ದಾರಿಗಳಿವೆ.

ಮೊದಲ ದಾರಿ: ವಿಭಜನೆಗೆ ತಯಾರಾಗಿರುವ ಅಮೀಬಾವನ್ನೇ ಆರಿಸಿ. ಅಮೀಬಾ ಪ್ರೋಟಿಯಸ್ ಎರಡಾಗುವ ಮುಂಚೆ ಉದ್ದ ಕಾಲುಗಳನ್ನೆಲ್ಲ ಒಳಕ್ಕೆ ಎಳೆದುಕೊಂಡು ಗುಂಡಗಾಗುತ್ತದೆ. ಮೈತುಂಬ ಸಣ್ಣ ಸಣ್ಣ ಉಬ್ಬುಗಳು ಎದ್ದು ಹಿಪ್ಪುನೇರಳೆ ಹಣ್ಣಿನಂತೆ ಕಾಣುತ್ತದೆ. ಇದು ಆಗಲೇ ಉಂಡು ಬೆಳೆದಿದೆ. ಈಗ ರಾಸಾಯನಿಕ ಹಾಕಿದಾಗ ನಿಂತರೆ ಹಸಿವಿನ ಮಾತೇ ಇಲ್ಲ. ಇಂಥ ಹತ್ತು ಅಮೀಬಾ ಹುಡುಕಲು ಒಂದು ಇಡೀ ಬೆಳಗು ಹೋಗಬಹುದು, ಹೋಗಲಿ.

ಎರಡನೆಯ ದಾರಿ: ಕೋಶಕೇಂದ್ರ ಎಣಿಸಿ. ಡಿಕ್ಟಿಯೋಸ್ಟೀಲಿಯಂ ಕೋಶಗಳಿಗೆ ಡಿಎಪಿಐ ಬಣ್ಣ ಹಾಕಿ ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೋಶಕೇಂದ್ರಗಳು ನೀಲಿಯಾಗಿ ಹೊಳೆಯುತ್ತವೆ. ಹಸಿದ ಕೋಶ ಚಿಕ್ಕದಾಗಿರುತ್ತದೆ, ಸಾಮಾನ್ಯವಾಗಿ ಒಂದೇ ಕೇಂದ್ರ. ಮೈ ಒಡೆಯುವುದು ಮಾತ್ರ ನಿಂತಿದ್ದರೆ ಕೋಶ ದೊಡ್ಡದು, ಒಳಗೆ ಎರಡು, ನಾಲ್ಕು, ಇನ್ನೂ ಹೆಚ್ಚು ಕೇಂದ್ರಗಳು. ಮೈಕ್ರೋಟ್ಯೂಬ್ಯೂಲ್ ತಡೆದಾಗ ಕೋಶಕೇಂದ್ರವೇ ವಿಭಜನೆಯ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಮೂರೂ ಸಂದರ್ಭದಲ್ಲಿ ಎಣಿಕೆ ಒಂದೇ ರೀತಿ ಬರಬಹುದು, ಒಳಗಿನ ಚಿತ್ರ ಮಾತ್ರ ಪೂರ್ತಿ ಬೇರೆ.

ಕೋಶಗಳನ್ನು ತಟ್ಟೆಯಲ್ಲಿ ಇಟ್ಟಿದ್ದೀರೋ, ಅಲುಗಾಡುವ ಫ್ಲಾಸ್ಕಿನಲ್ಲಿ ತೇಲಿಬಿಟ್ಟಿದ್ದೀರೋ ಎಂಬುದನ್ನೂ ಬರೆಯಿರಿ. ಇದು ಸಣ್ಣ ವಿಷಯವಲ್ಲ. 1987ರಲ್ಲಿ ಎರಡು ತಂಡಗಳು ಡಿಕ್ಟಿಯೋಸ್ಟೀಲಿಯಂನಲ್ಲಿ ಮಯೋಸಿನ್ 2 (ಮಯೋಸಿನ್‌ನ ಒಂದು ಬಗೆ) ಕೆಲಸ ಮಾಡದಂತೆ ಮಾಡಿದವು. ಆ ಕೋಶಗಳು ನಡೆದವು! ಮೊದಲಿಗಿಂತ ನಿಧಾನ, ಆದರೂ ನಡೆದವು. ತೇಲಿಬಿಟ್ಟಾಗ ಮಾತ್ರ ಒಡೆಯಲಾಗದೆ ಹಲವು ಕೇಂದ್ರಗಳ ದೊಡ್ಡ ಕೋಶಗಳಾದವು. ಅವನ್ನೇ ಗಾಜಿನ ಮೇಲೆ ಬಿಟ್ಟರೆ ಎರಡು ತುದಿಗಳೂ ಬೇರೆ ಬೇರೆ ದಿಕ್ಕಿಗೆ ನಡೆದು, ನಡುವೆ ಹರಿದು ಎರಡಾಗುತ್ತವೆ. ಅಂದರೆ ವಿಭಜನೆಯ ಯಂತ್ರ ಕೆಟ್ಟಾಗ ನಡಿಗೆಯೇ ಅದರ ಕೆಲಸ ಮಾಡಿಕೊಡುತ್ತದೆ. ಹಾಗಾಗಿ ಬ್ಲೆಬಿಸ್ಟಾಟಿನ್ ಹಾಕಿದಾಗ ತಟ್ಟೆಯಲ್ಲಿ ಸಂಖ್ಯೆ ಏರಿದರೆ ಔಷಧ ಕೆಟ್ಟಿದೆ ಎಂದು ತಕ್ಷಣ ತೀರ್ಮಾನಿಸಬೇಡಿ. ಫ್ಲಾಸ್ಕಿನಲ್ಲೂ ನೋಡಿ.

ಹಂತ 7: ಕರೆಯುವ ರಾಸಾಯನಿಕಗಳು

ಇಲ್ಲಿಯವರೆಗೆ ತಡೆಯುವುದನ್ನೇ ನೋಡಿದೆವು. ಅಮೀಬಾವನ್ನು ರಾಸಾಯನಿಕದಿಂದ ಕರೆಯಲೂ ಬಹುದು. ಇದಕ್ಕೆ ಕೀಮೋಟ್ಯಾಕ್ಸಿಸ್ ಎಂದು ಹೆಸರು, ರಾಸಾಯನಿಕ ಇರುವ ದಿಕ್ಕಿಗೆ ನಡೆಯುವುದು.

ಹಸಿದ ಡಿಕ್ಟಿಯೋಸ್ಟೀಲಿಯಂ ಕೋಶಗಳು ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣುವನ್ನು ಹೊರಬಿಡುತ್ತವೆ. ಪಕ್ಕದ ಕೋಶ ಅದನ್ನು ಗ್ರಹಿಸಿ ಆ ಕಡೆ ನಡೆಯುತ್ತದೆ, ತಾನೂ ಅದನ್ನೇ ಬಿಡುತ್ತದೆ. ಹೀಗೆ ಸುಮಾರು ಆರು ನಿಮಿಷಕ್ಕೊಂದು ಅಲೆ ಎದ್ದು ಹರಡುತ್ತದೆ. ಆ ಅಣು ಯಾವುದೆಂದು ಗೊತ್ತಾದದ್ದು 1967ರಲ್ಲಿ.

ಕೆಫೀನ್ ಈ ಅಣುವಿನ ತಯಾರಿಕೆಯನ್ನು ತಡೆಯುತ್ತದೆ. ಪ್ರಯೋಗ ಹೀಗೆ: ಫಾಸ್ಫೇಟ್ ಬಫರಿನಲ್ಲಿ ನೂರಕ್ಕೆ ಒಂದೂವರೆ ಭಾಗ ಅಗರ್ (ಕಾಯಿಸಿ ಕರಗಿಸಿದರೆ ಆರಿದಾಗ ಗಟ್ಟಿಯಾಗುವ ಪುಡಿ) ಕರಗಿಸಿ ತಟ್ಟೆಗಳಿಗೆ ಹುಯ್ಯಿರಿ. ಬೇರೆ ಬೇರೆ ತಟ್ಟೆಗಳಲ್ಲಿ ಕೆಫೀನ್ 0, 1, 2, 5 ಮಿಲಿಮೋಲಾರ್ ಇರಲಿ. 2 ಮಿಲಿಮೋಲಾರ್ ಅಂದರೆ ಲೀಟರಿಗೆ 388 ಮಿಲಿಗ್ರಾಂ. ಕೋಶಗಳನ್ನು ಬಫರಿನಲ್ಲಿ ಮೂರು ಸಲ ತೊಳೆಯಿರಿ. ಆಹಾರದ ಸುಳಿವು ಉಳಿದಿದ್ದರೂ ಅವು ಸೇರುವುದಿಲ್ಲ, ಆಗ ನೀವು ಸುಮ್ಮನೆ ಕೆಫೀನನ್ನು ದೂರುತ್ತೀರಿ. ಮಿಲಿಲೀಟರಿಗೆ ಒಂದು ಕೋಟಿ ಕೋಶ ಬರುವಂತೆ ಮಾಡಿ, 20 ಮೈಕ್ರೋಲೀಟರ್ ಹನಿಗಳನ್ನು ಅಗರ್ ಮೇಲೆ ಇಡಿ. 22 ಡಿಗ್ರಿಯಲ್ಲಿ ಕತ್ತಲೆಯಲ್ಲಿಟ್ಟು ಆರನೇ ಗಂಟೆಯಿಂದ ನೋಡುತ್ತಿರಿ. ಕೆಫೀನ್ ಇಲ್ಲದ ತಟ್ಟೆಯಲ್ಲಿ ಕೋಶಗಳು ಸಾಲುಗಟ್ಟಿ ಹೊಳೆಯಂತೆ ಮಧ್ಯಕ್ಕೆ ಹರಿಯುತ್ತವೆ. 24 ಗಂಟೆಗೆ ಬೀಜಕದ ಗುಂಡುಗಳು ನಿಂತಿರುತ್ತವೆ. ಕೆಫೀನ್ ಏರಿದಂತೆ ಇದು ತಡವಾಗುತ್ತದೆ.

ಕೋಶಗಳು ಇಲ್ಲೂ ಸತ್ತಿಲ್ಲ ಎಂದು ತೋರಿಸಬೇಕಲ್ಲವೇ? 5 ಮಿಲಿಮೋಲಾರ್ ತಟ್ಟೆಯ ಕೋಶಗಳನ್ನು ಕೆರೆದು, ತೊಳೆದು, ಕೆಫೀನ್ ಇಲ್ಲದ ಅಗರ್ ಮೇಲೆ ಇಡಿ. ಅವು ಸೇರಿದರೆ ನಿಮ್ಮ ಪ್ರಯೋಗ ಪೂರ್ತಿ.

ಉಂಡು ಬೆಳೆಯುತ್ತಿರುವ ಕೋಶಗಳಿಗೆ ಸೈಕ್ಲಿಕ್ ಎಎಂಪಿಗಿಂತ ಫೋಲಿಕ್ ಆಮ್ಲ ಒಗ್ಗುತ್ತದೆ. ಬ್ಯಾಕ್ಟೀರಿಯಾ ಅದನ್ನು ಬಿಡುತ್ತವೆ, ಅಮೀಬಾ ಆ ವಾಸನೆ ಹಿಡಿದು ಬೇಟೆಗೆ ಹೋಗುತ್ತದೆ. ಅಗರೋಸ್ (ಅಗರ್‌ನಿಂದಲೇ ತೆಗೆದದ್ದು) ತಟ್ಟೆಯಲ್ಲಿ ಎರಡು ಕಾಲುವೆ ಕೊರೆದು, ಒಂದಕ್ಕೆ 0.1 ಮಿಲಿಮೋಲಾರ್ ಫೋಲಿಕ್ ಆಮ್ಲ, ಇನ್ನೊಂದಕ್ಕೆ ಕೋಶಗಳನ್ನು ಬಿಟ್ಟರೆ ಕೆಲವು ಗಂಟೆಗಳಲ್ಲಿ ಕೋಶಗಳು ಅಗರೋಸ್ ಅಡಿಯಲ್ಲಿ ನುಸುಳಿಕೊಂಡು ಆ ಕಡೆ ಹೊರಡುತ್ತವೆ. ಫೋಲಿಕ್ ಆಮ್ಲ ಬರೀ ನೀರಿನಲ್ಲಿ ಸರಿಯಾಗಿ ಕರಗದು, ಸ್ವಲ್ಪ ಕ್ಷಾರ ಬೇಕು. ಹೋಲಿಕೆಯ ತಟ್ಟೆಗೂ ಅಷ್ಟೇ ಕ್ಷಾರ ಹಾಕಿ. ಬಾಟಲಿಗೆ ಬೆಳಕು ಬೀಳದಂತೆ ಕಾಗದ ಸುತ್ತಿ.

ಹಂತ 8: ಪ್ರಯೋಗ ಮುಗಿದ ಮೇಲೆ

ಲಾಟ್ರುಂಕ್ಯುಲಿನ್, ನೊಕೊಡಜೋಲ್ ಬೆರೆತ ದ್ರಾವಣವನ್ನು ಸಿಂಕಿಗೆ ಸುರಿಯಬೇಡಿ. ಹೆಸರು ಬರೆದ ಬಾಟಲಿಯಲ್ಲಿ ಬೇರೆ ಕೂಡಿಡಿ, ಲ್ಯಾಬಿನ ರಾಸಾಯನಿಕ ಕಸದ ಜೊತೆ ಕಳಿಸಿ. ಬರೀ ಅಮೀಬಾ ಇದ್ದ ತಟ್ಟೆಗಳನ್ನು ಬ್ಲೀಚ್‌ನಲ್ಲಿ ನೆನೆಸಿ ಎಸೆಯಿರಿ. ಆ ಬ್ಲೀಚ್ ಪಾತ್ರೆಯನ್ನು ಅಮೀಬಾ ಬೆಳೆಸುವ ಮೇಜಿನಿಂದ ದೂರ ಇಡಿ.

ರಾಸಾಯನಿಕ ಮುಟ್ಟದ ತಾಯಿ ತಟ್ಟೆ ಎರಡು ಯಾವಾಗಲೂ ಇರಲಿ, ಬೇರೆ ಬೇರೆ ಕಪಾಟಿನಲ್ಲಿ. ಪ್ರಯೋಗಕ್ಕೆ ಬಳಸಿದ ಡ್ರಾಪರ್ ಅವುಗಳೊಳಗೆ ಹೋಗಬಾರದು. ಡ್ರಾಪರ್‌ಗೆ ಬಣ್ಣದ ಟೇಪು ಸುತ್ತಿಡಿ.